ಯೂರೋಪಿನ ವಿಜ್ಞಾನ ಪ್ರವರ್ತಕರು (1543–1687)

ಹದಿನಾರನೆಯ ಶತಮಾನದ ನಡುಭಾಗದಿಂದ ಹದಿನೇಳನೆಯ ಶತಮಾನದ ಕೊನೆಯವರೆಗಿನ ಅವಧಿಯಲ್ಲಿ ಯೂರೋಪಿನ ಕೆಲವು ಚಿಂತಕರು ನಿಸರ್ಗವನ್ನು ಅಧ್ಯಯನ ಮಾಡುವ ವಿಧಾನವನ್ನೂ ಒಂದು ಹೇಳಿಕೆ ಸತ್ಯವೆಂದು ಒಪ್ಪಿಕೊಳ್ಳಲು ಬೇಕಾದ ಪ್ರಮಾಣವನ್ನೂ ಬುಡಮಟ್ಟದಲ್ಲಿ ಬದಲಿಸಿದರು. ಇತಿಹಾಸಕಾರರು ವೈಜ್ಞಾನಿಕ ಕ್ರಾಂತಿಯೆಂದು ಕರೆಯುವ ಈ ಬದಲಾವಣೆಯ ಆರಂಭವನ್ನು ಸಾಮಾನ್ಯವಾಗಿ ಕೊಪರ್ನಿಕಸ್ ಮತ್ತು ವೆಸೇಲಿಯಸ್ ಇಬ್ಬರ ಮಹಾಗ್ರಂಥಗಳೂ ಪ್ರಕಟವಾದ 1543ರಲ್ಲಿಯೂ, ಅದರ ಶಿಖರವನ್ನು ನ್ಯೂಟನ್ನನ 'ಪ್ರಿನ್ಸಿಪಿಯ' ಹೊರಬಂದ 1687ರಲ್ಲಿಯೂ ಗುರುತಿಸಲಾಗುತ್ತದೆ. ಇದು ಒಂದು ತಲೆಮಾರಿನಲ್ಲಿ ಮುಗಿದ ಕೆಲಸವಲ್ಲ. ಇದರಲ್ಲಿ ತೊಡಗಿದ್ದವರೆಲ್ಲ ಹಳೆಯದನ್ನು ಧಿಕ್ಕರಿಸಿ ಹೊರಟವರೂ ಅಲ್ಲ. ಅವರಲ್ಲಿ ಹೆಚ್ಚಿನವರು ಜ್ಯೋತಿಷ್ಯ, ರಸವಾದ, ದೈವಸಂಕಲ್ಪ ಮುಂತಾದವುಗಳಲ್ಲಿ ನಂಬಿಕೆಯಿಟ್ಟವರೇ ಆಗಿದ್ದರು. ತಮಗೆ ಪ್ರಿಯವಾದ ಸಿದ್ಧಾಂತಕ್ಕೂ ಅಳತೆಗೂ ಹೊಂದಿಕೆಯಾಗದಿದ್ದಾಗ ಸಿದ್ಧಾಂತವನ್ನೇ ಕೈಬಿಡುವ ಶಿಸ್ತನ್ನು ಅವರಲ್ಲಿ ಶ್ರೇಷ್ಠರಾದವರು ಬೆಳೆಸಿಕೊಂಡರೆಂಬುದೇ ಇಲ್ಲಿನ ಹೊಸತನ.

ಅಂದಿನ ವಿಶ್ವವಿದ್ಯಾಲಯಗಳಲ್ಲಿ ಮೂವರು ಪ್ರಾಚೀನರ ಮಾತು ಅಂತಿಮವೆನಿಸಿತ್ತು. ಭೌತಜಗತ್ತಿನ ವಿಷಯದಲ್ಲಿ ಅರಿಸ್ಟಾಟಲ್, ಖಗೋಳದಲ್ಲಿ ಕ್ರಿ.ಶ. ಎರಡನೆಯ ಶತಮಾನದ ಟಾಲೆಮಿ, ವೈದ್ಯದಲ್ಲಿ ಅದೇ ಶತಮಾನದ ಗೇಲನ್. ಅರಿಸ್ಟಾಟಲನ ಪ್ರಕಾರ ಭೂಮಿಯು ವಿಶ್ವದ ಕೇಂದ್ರದಲ್ಲಿ ಅಚಲವಾಗಿದ್ದು, ಚಂದ್ರನಿಂದ ಕೆಳಗಿನದೆಲ್ಲ ಹುಟ್ಟುಸಾವುಗಳಿಗೆ ಒಳಪಟ್ಟದ್ದು, ಮೇಲಿನದೆಲ್ಲ ಬದಲಾವಣೆಯಿಲ್ಲದ್ದು. ಟಾಲೆಮಿಯು ಗ್ರಹಗಳ ಚಲನೆಯನ್ನು ವಿವರಿಸಲು, ದೊಡ್ಡ ವೃತ್ತದ ಪರಿಧಿಯ ಮೇಲೆ ತನ್ನ ಕೇಂದ್ರವನ್ನಿರಿಸಿಕೊಂಡು ಸುತ್ತುವ ಸಣ್ಣ ವೃತ್ತಗಳನ್ನು, ಎಂದರೆ ಅಧಿವೃತ್ತಗಳನ್ನು, ಬಳಸಿದ್ದನು. ಈ ಜ್ಞಾನ ಯೂರೋಪಿಗೆ ಬಹುಮಟ್ಟಿಗೆ ಅರಬ್ಬೀ ಭಾಷೆಯ ಮೂಲಕ ಬಂದಿತು. ಅದರೊಡನೆ ಭಾರತದ ದಶಮಾನ ಅಂಕಿಗಳೂ, ಬಹುಶಃ ಟಾಲೆಮಿಯ ಲೆಕ್ಕವನ್ನು ತಿದ್ದಲು ಮರಾಘಾ ಮತ್ತು ಡಮಾಸ್ಕಸ್‌ನ ಖಗೋಳಜ್ಞರು ಕಂಡುಕೊಂಡಿದ್ದ ಗಣಿತ ತಂತ್ರಗಳೂ ಪಶ್ಚಿಮಕ್ಕೆ ಹರಿದವು. ಹದಿನೈದನೆಯ ಶತಮಾನದ ನಡುವೆ ಬಂದ ಮುದ್ರಣಯಂತ್ರದಿಂದಾಗಿ ಒಂದೇ ಚಿತ್ರವನ್ನೂ ಒಂದೇ ಕೋಷ್ಟಕವನ್ನೂ ದೂರದೂರದ ಓದುಗರು ಯಥಾವತ್ತಾಗಿ ಮುಂದಿಟ್ಟುಕೊಂಡು ಹೋಲಿಸಿ ನೋಡುವುದು ಸಾಧ್ಯವಾಯಿತು.

ನಿಕೊಲಾಸ್ ಕೊಪರ್ನಿಕಸ್ (1473–1543) ಪೋಲೆಂಡಿನ ಟೊರೂನ್ ನಗರದಲ್ಲಿ ಹುಟ್ಟಿ, ಕ್ರಾಕೋ, ಬೊಲೊನ್ಯ ಮತ್ತು ಪಾಡುವಾಗಳಲ್ಲಿ ಓದಿ, ಬಾಲ್ಟಿಕ್ ತೀರದ ಫ್ರೋಂಬೋರ್ಕ್‌ನ ಪ್ರಧಾನ ಚರ್ಚಿನಲ್ಲಿ ಆಡಳಿತಾಧಿಕಾರಿಯಾಗಿ ಬಾಳಿದವನು. ಸೂರ್ಯನನ್ನು ನಡುವಿರಿಸಿ ಭೂಮಿಯನ್ನೂ ಒಂದು ಗ್ರಹವಾಗಿ ಸುತ್ತಿಸುವ ವಿಚಾರವನ್ನು ಅವನು ಮೊದಲು ಕೈಬರಹದ ಕಿರುಹೊತ್ತಗೆಯೊಂದರಲ್ಲಿ ಗೆಳೆಯರಿಗಷ್ಟೇ ತಿಳಿಸಿ, ಮುಂದೆ ದಶಕಗಳ ಕಾಲ ಅಚ್ಚಿಗೆ ಕೊಡದೆ ಉಳಿದನು. 1539ರಲ್ಲಿ ಅವನನ್ನು ಹುಡುಕಿಕೊಂಡು ಬಂದ ರೆಟಿಕಸ್ ಎಂಬ ತರುಣ ಗಣಿತಜ್ಞನ ಒತ್ತಾಯವಿಲ್ಲದಿದ್ದರೆ 'ಖಗೋಲಗಳ ಪರಿಭ್ರಮಣ'ವನ್ನು ಕುರಿತ ಗ್ರಂಥ ನ್ಯೂರೆಂಬರ್ಗಿನ ಮುದ್ರಣಾಲಯ ಸೇರುತ್ತಿತ್ತೋ ಇಲ್ಲವೋ. ಅಚ್ಚಿನ ಮೇಲ್ವಿಚಾರಣೆ ನೋಡಿಕೊಂಡ ಓಸಿಯಾಂಡರ್ ಎಂಬ ಧರ್ಮಬೋಧಕನು, ಇದು ಲೆಕ್ಕಕ್ಕೆ ಅನುಕೂಲವಾದ ಕಲ್ಪನೆಯೇ ಹೊರತು ನಿಜಸ್ಥಿತಿಯ ವರ್ಣನೆಯಲ್ಲವೆಂಬ ಅರ್ಥದ ಮುನ್ನುಡಿಯನ್ನು ಹೆಸರು ಹಾಕದೆ ಸೇರಿಸಿದನು. ಕೊಪರ್ನಿಕಸ್ ಎಣಿಸಿದ್ದು ಹಾಗಲ್ಲ. ಭೂಮಿಯ ಚಲನೆಯನ್ನು ಒಪ್ಪಿಕೊಂಡರೆ ಗ್ರಹಗಳು ಆಗಾಗ ಹಿಂದಕ್ಕೆ ಸರಿದಂತೆ ಕಾಣುವ ವಕ್ರಗತಿಗೆ ಪ್ರತ್ಯೇಕ ಕಾರಣ ಬೇಕಾಗುವುದಿಲ್ಲವೆಂಬುದೂ, ಗ್ರಹಗಳ ಕ್ರಮ ಮತ್ತು ಸಾಪೇಕ್ಷ ದೂರಗಳು ತಾವಾಗಿ ನಿಶ್ಚಯವಾಗುತ್ತವೆಂಬುದೂ ಅವನ ವಾದದ ಬಲ. ಆದರೂ ವೃತ್ತಾಕಾರದ ಸಮಗತಿಯಲ್ಲಿ ಅವನಿಗೆ ಅರಿಸ್ಟಾಟಲನಷ್ಟೇ ಶ್ರದ್ಧೆಯಿದ್ದುದರಿಂದ ಅಧಿವೃತ್ತಗಳನ್ನು ಬಿಡಲಾಗಲಿಲ್ಲ; ಆಕಾಶವನ್ನು ನಿಖರವಾಗಿ ಮುನ್ಸೂಚಿಸುವುದರಲ್ಲಿ ಅವನ ಪದ್ಧತಿ ಟಾಲೆಮಿಯದಕ್ಕಿಂತ ಹೇಳಿಕೊಳ್ಳುವಷ್ಟು ಮುಂದಿರಲಿಲ್ಲ.

ಅದೇ ವರ್ಷ ಬಾಸೆಲ್‌ನಲ್ಲಿ ಪ್ರಕಟವಾದ 'ಮಾನವದೇಹದ ರಚನೆ'ಯ ಕರ್ತೃ ಆಂಡ್ರಿಯಾಸ್ ವೆಸೇಲಿಯಸ್ (1514–1564) ಪಾಡುವಾದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದನು. ಅಧ್ಯಾಪಕನು ಎತ್ತರದ ಪೀಠದಲ್ಲಿ ಕುಳಿತು ಗೇಲನನ ಪುಸ್ತಕ ಓದುವುದು, ಕೆಳಗೆ ಕ್ಷೌರಿಕನೊಬ್ಬನು ಶವವನ್ನು ಕೊಯ್ಯುವುದು ಅಂದಿನ ಕ್ರಮ. ವೆಸೇಲಿಯಸ್ ತಾನೇ ಕತ್ತಿ ಹಿಡಿದನು. ರೋಮಿನ ಕಾಲದಲ್ಲಿ ಮಾನವ ಶವಚ್ಛೇದನಕ್ಕೆ ಅವಕಾಶವಿಲ್ಲದೆ ಗೇಲನನು ಕೋತಿ ಮುಂತಾದ ಪ್ರಾಣಿಗಳ ದೇಹವನ್ನು ಆಧರಿಸಿದ್ದನೆಂಬುದು ಆಗ ಸ್ಪಷ್ಟವಾಯಿತು: ಗೇಲನನು ಎರಡು ಮೂಳೆಗಳ ಜೋಡಣೆಯೆಂದ ಕೆಳದವಡೆ ಮನುಷ್ಯನಲ್ಲಿ ಒಂದೇ ಮೂಳೆ, ಅವನು ಏಳು ಭಾಗಗಳೆಂದ ಎದೆಮೂಳೆಗೆ ಇರುವುದು ಮೂರು ಭಾಗ. ಗ್ರಂಥದ ಮರದಚ್ಚಿನ ಚಿತ್ರಗಳು ಬರಹದಷ್ಟೇ, ಬಹುಶಃ ಬರಹಕ್ಕಿಂತ ಹೆಚ್ಚು, ಪರಿಣಾಮ ಬೀರಿದವು.

ಖಗೋಳದಲ್ಲಿ ಮುಂದಿನ ಹೆಜ್ಜೆ ಸಿದ್ಧಾಂತದ್ದಲ್ಲ, ಉಪಕರಣದ್ದು. ಡೆನ್ಮಾರ್ಕಿನ ಶ್ರೀಮಂತ ಮನೆತನದ ಟೈಕೊ ಬ್ರಾಹೆ (1546–1601) 1572ರ ನವೆಂಬರಿನಲ್ಲಿ ಕುಂತೀ ನಕ್ಷತ್ರಪುಂಜದಲ್ಲಿ ಹಠಾತ್ತಾಗಿ ಬೆಳಗಿದ ಹೊಸ ತಾರೆಯನ್ನು ಅಳೆದು, ಅದು ಚಂದ್ರನಿಗಿಂತ ಬಹಳ ಆಚೆಗಿದೆಯೆಂದು ತೋರಿಸಿದನು. 1577ರ ಧೂಮಕೇತುವೂ ಚಂದ್ರನಾಚೆಗಿನದೆಂದು ಸಿದ್ಧವಾದಾಗ, ಮೇಲಿನ ಲೋಕದಲ್ಲಿ ಬದಲಾವಣೆಯಿಲ್ಲವೆಂಬ ಮಾತು ನಿಲ್ಲದಂತಾಯಿತು. ದೊರೆ ಎರಡನೆಯ ಫ್ರೆಡರಿಕ್ ಕೊಟ್ಟ ಹ್ವೇನ್ ದ್ವೀಪದಲ್ಲಿ ಅವನು ಕಟ್ಟಿಸಿದ ಯುರಾನಿಬೋರ್ಗ್ ವೀಕ್ಷಣಾಲಯದಲ್ಲಿ ಗೋಡೆಗೆ ಹೊಂದಿಸಿದ ಭಾರಿ ತುರೀಯ ಯಂತ್ರವಿತ್ತು, ಎಂದರೆ ವೃತ್ತದ ಕಾಲುಭಾಗದ ಆಕಾರದಲ್ಲಿದ್ದು ಆಕಾಶಕಾಯದ ಎತ್ತರವನ್ನು ಕೋನದಲ್ಲಿ ಅಳೆಯುವ ಸಾಧನ. ದೂರದರ್ಶಕವಿಲ್ಲದ ಆ ದಿನಗಳಲ್ಲಿ ಬರಿಗಣ್ಣಿನಿಂದಲೇ ಒಂದೆರಡು ಕಲೆಗಳಷ್ಟು (ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ ಒಂದು ಕಲೆ) ನಿಖರತೆಯನ್ನು ಅವನ ತಂಡ ಸಾಧಿಸಿತು. ಟೈಕೊ ಭೂಮಿಯ ಚಲನೆಯನ್ನು ಒಪ್ಪಲಿಲ್ಲ. ಗ್ರಹಗಳು ಸೂರ್ಯನನ್ನೂ ಸೂರ್ಯನು ಭೂಮಿಯನ್ನೂ ಸುತ್ತುವ ಸಂಧಾನದ ಮಾದರಿಯೊಂದನ್ನು ಮುಂದಿಟ್ಟನು. ಅವನ ಮಾದರಿ ಉಳಿಯಲಿಲ್ಲ, ಅಂಕಿಗಳು ಉಳಿದವು.

ಆ ಅಂಕಿಗಳು ಯೋಹಾನ್ನೆಸ್ ಕೆಪ್ಲರನ (1571–1630) ಕೈಸೇರಿದ್ದು ವಿಜ್ಞಾನದ ಇತಿಹಾಸದ ದೊಡ್ಡ ಆಕಸ್ಮಿಕಗಳಲ್ಲಿ ಒಂದು. ಜರ್ಮನಿಯ ವೈಲ್ ಡೆರ್ ಸ್ಟಾಟ್‌ನ ಬಡ ಮನೆಯಲ್ಲಿ ಹುಟ್ಟಿದ ಕೆಪ್ಲರನು ಟ್ಯೂಬಿಂಗೆನ್‌ನಲ್ಲಿ ಓದುವಾಗಲೇ ಕೊಪರ್ನಿಕಸನ ಮತಕ್ಕೆ ಒಲಿದು, ಆರು ಗ್ರಹಗಳ ನಡುವಣ ದೂರಗಳಿಗೆ ರೇಖಾಗಣಿತದ ಐದು ಸಮಘನಾಕೃತಿಗಳೇ ಕಾರಣವೆಂದು 1596ರಲ್ಲಿ ಪುಸ್ತಕ ಬರೆದಿದ್ದನು. ಆ ಕಲ್ಪನೆ ಸುಂದರ, ಆದರೆ ತಪ್ಪು. ಅದನ್ನು ಸಾಬೀತುಪಡಿಸಲು ಒಳ್ಳೆಯ ಅಳತೆಗಳು ಬೇಕೆಂದೇ ಅವನು 1600ರಲ್ಲಿ, ಆಗ ಡೆನ್ಮಾರ್ಕ್ ತೊರೆದು ಪ್ರಾಗ್‌ನಲ್ಲಿದ್ದ ಟೈಕೊನ ಬಳಿಗೆ ಹೋದನು; ಮರುವರ್ಷ ಟೈಕೊ ತೀರಿಕೊಂಡಾಗ ಚಕ್ರವರ್ತಿ ಎರಡನೆಯ ರುಡಾಲ್ಫನ ಗಣಿತಜ್ಞನ ಹುದ್ದೆ ಕೆಪ್ಲರನಿಗೆ ಬಂದಿತು.

ಅವನಿಗೆ ವಹಿಸಿದ್ದ ಕೆಲಸ ಮಂಗಳಗ್ರಹದ ಕಕ್ಷೆ. ಸೂರ್ಯನನ್ನು ಕೇಂದ್ರದಿಂದ ಸ್ವಲ್ಪ ಸರಿಸಿದ ವೃತ್ತವೊಂದನ್ನು ಊಹಿಸಿ, ಕೈಲೆಕ್ಕದಲ್ಲಿ ಎಪ್ಪತ್ತು ಬಾರಿ ಮತ್ತೆ ಮತ್ತೆ ತಿದ್ದಿ, ಟೈಕೊನ ಕೆಲವು ಮುಖ್ಯ ವೀಕ್ಷಣೆಗಳಿಗೆ ಎರಡು ಕಲೆಗಳೊಳಗೆ ಹೊಂದುವ ಮಾದರಿಯನ್ನು ಅವನು ಪಡೆದನು. ಆದರೆ ಅದೇ ಮಾದರಿಯನ್ನು ಗ್ರಹದ ನಿಜವಾದ ದೂರಗಳಿಗೂ ಹೊಂದಿಸಹೊರಟಾಗ ಕೆಲವೆಡೆ ಎಂಟು ಕಲೆಗಳ ವ್ಯತ್ಯಾಸ ತೋರಿತು. ಎಂಟು ಕಲೆಯೆಂದರೆ ಹುಣ್ಣಿಮೆಯ ಚಂದ್ರಬಿಂಬದ ಅಗಲದ ಕಾಲುಭಾಗ. ಟಾಲೆಮಿಯ ಅಥವಾ ಕೊಪರ್ನಿಕಸನ ಕಾಲದಲ್ಲಿ ಇಷ್ಟು ಅಂತರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಟೈಕೊನ ಯಂತ್ರಗಳು ಅಷ್ಟು ದೊಡ್ಡ ತಪ್ಪು ಮಾಡಲಾರವೆಂದು ಬಲ್ಲ ಕೆಪ್ಲರನು ವರ್ಷಗಳ ದುಡಿಮೆಯನ್ನು ಬದಿಗಿಟ್ಟು, ವೃತ್ತವನ್ನೇ ಬಿಟ್ಟನು. ಎರಡು ಸಾವಿರ ವರ್ಷಗಳ ನಂಬಿಕೆಯೊಂದು ಇಷ್ಟು ಸಣ್ಣ ಕೋನದ ಮುಂದೆ ಸೋತ ಉದಾಹರಣೆ ಇನ್ನೊಂದಿಲ್ಲ. ಮಂಗಳದ ದಾರಿ ದೀರ್ಘವೃತ್ತ, ಅದರ ಎರಡು ನಾಭಿಗಳಲ್ಲಿ ಒಂದರಲ್ಲಿ ಸೂರ್ಯನಿರುತ್ತಾನೆ. ಸೂರ್ಯನಿಂದ ಗ್ರಹಕ್ಕೆ ಎಳೆದ ರೇಖೆಯು ಸಮಾನ ಕಾಲಗಳಲ್ಲಿ ಸಮಾನ ಕ್ಷೇತ್ರಗಳನ್ನು ಆವರಿಸುತ್ತದೆ ಎಂಬ ಎರಡು ನಿಯಮಗಳು 1609ರ 'ನೂತನ ಖಗೋಳಶಾಸ್ತ್ರ'ದಲ್ಲಿ ಬಂದವು. ಈ ದೀರ್ಘವೃತ್ತದ ಉದ್ದ ಮತ್ತು ಅಗಲಗಳಿಗಿರುವ ವ್ಯತ್ಯಾಸ ಶೇಕಡ ಅರ್ಧಕ್ಕಿಂತಲೂ ಕಡಿಮೆಯೆಂಬುದನ್ನು ನೆನೆದರೆ ಆ ಶೋಧದ ಸೂಕ್ಷ್ಮತೆ ಅರಿವಾಗುತ್ತದೆ.

1619ರ 'ವಿಶ್ವದ ಸಾಮರಸ್ಯ'ದಲ್ಲಿ ಗ್ರಹಗಳ ಸಂಗೀತವನ್ನು ಕುರಿತ ಪುಟಗಳ ನಡುವೆ ಮೂರನೆಯ ನಿಯಮ ಅಡಗಿದೆ: ಗ್ರಹವೊಂದರ ಪರಿಭ್ರಮಣಕಾಲದ ವರ್ಗವು ಸೂರ್ಯನಿಂದ ಅದರ ಸರಾಸರಿ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ಗುರುಗ್ರಹವು ಭೂಮಿಗಿಂತ 5.2 ಪಟ್ಟು ದೂರದಲ್ಲಿದೆ, ಸುತ್ತಲು 11.86 ವರ್ಷ ತೆಗೆದುಕೊಳ್ಳುತ್ತದೆ. ಮೊದಲನೆಯದರ ಘನವೂ ಎರಡನೆಯದರ ವರ್ಗವೂ ಸುಮಾರು 140.6 ಆಗುತ್ತವೆ. ಈ ಗ್ರಂಥದ ಕಾಲದಲ್ಲಿಯೇ ಕೆಪ್ಲರನ ತಾಯಿ ಕಾಟರೀನಳ ಮೇಲೆ ಮಾಟಗಾತಿಯೆಂಬ ಆರೋಪವಿತ್ತು; ಮಗನು ಖುದ್ದಾಗಿ ಅವಳ ಪರವಾಗಿ ವಾದ ರೂಪಿಸಿ 1621ರಲ್ಲಿ ಬಿಡಿಸಿಕೊಂಡನು. 1627ರಲ್ಲಿ ಅವನು ಹೊರತಂದ ರುಡಾಲ್ಫ್ ಕೋಷ್ಟಕಗಳನ್ನು ಆಧರಿಸಿ, ಪ್ಯಾರಿಸಿನಲ್ಲಿ ಗಾಸೆಂಡಿಯು 1631ರ ನವೆಂಬರ್ 7ರಂದು ಬುಧನು ಸೂರ್ಯಬಿಂಬವನ್ನು ಹಾಯುವುದನ್ನು ಕಂಡನು. 1651ರಲ್ಲಿ ಇಂಥದೇ ಸಂಕ್ರಮಣವನ್ನು ಜೆರಿಮಾಯ ಶೇಕರ್ಲಿ ಎಂಬ ಇಂಗ್ಲಿಷ್ ಖಗೋಳಜ್ಞನು ನಮ್ಮ ಸೂರತ್ ನಗರದಿಂದ ವೀಕ್ಷಿಸಿದನು. ಸಿಲೀಸಿಯದ ಮರೀಯ ಕುನಿಟ್ಸ್ ಎಂಬ ವಿದುಷಿ ಆ ಕೋಷ್ಟಕಗಳ ಜಟಿಲ ಲೆಕ್ಕವನ್ನು ಸರಳಗೊಳಿಸಿ 1650ರಲ್ಲಿ ಪುಸ್ತಕ ಪ್ರಕಟಿಸಿದಳು. ವಿಶ್ವವಿದ್ಯಾಲಯದ ಬಾಗಿಲು ಹೆಂಗಸರಿಗೆ ಮುಚ್ಚಿದ್ದ ಕಾಲದಲ್ಲಿ ಈ ಕೆಲಸ ಮನೆಯೊಳಗಿಂದಲೇ ನಡೆಯಬೇಕಾಗಿತ್ತು.

ಗೆಲಿಲಿಯೊ ಗೆಲಿಲೈ (1564–1642) ಪೀಸಾ ನಗರದಲ್ಲಿ ವೀಣೆಯಂಥ ಲ್ಯೂಟ್ ವಾದ್ಯದ ವಿದ್ವಾಂಸನ ಮಗನಾಗಿ ಹುಟ್ಟಿ, 1592ರಿಂದ ಹದಿನೆಂಟು ವರ್ಷ ಪಾಡುವಾದಲ್ಲಿ ಗಣಿತ ಕಲಿಸಿದನು. ಹಾಲೆಂಡಿನಲ್ಲಿ ದೂರದರ್ಶಕ ತಯಾರಾದ ಸುದ್ದಿ ತಿಳಿದು, 1609ರಲ್ಲಿ ತಾನೇ ಮಸೂರಗಳನ್ನು ಉಜ್ಜಿ, ವಸ್ತುಗಳನ್ನು ಸುಮಾರು ಇಪ್ಪತ್ತು ಪಟ್ಟು ಹಿಗ್ಗಿಸಿ ತೋರುವ ಕೊಳವೆಯನ್ನು ಮಾಡಿಕೊಂಡನು. ಚಂದ್ರನ ಮೇಲೆ ಬೆಟ್ಟಗಳ ನೆರಳುಗಳು ಕಂಡವು. 1610ರ ಜನವರಿ 7ರ ರಾತ್ರಿ ಗುರುವಿನ ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಒಂದು ಚುಕ್ಕಿ. ಮರುರಾತ್ರಿ ಮೂರೂ ಪಶ್ಚಿಮದಲ್ಲಿ. ಕೆಲವೇ ದಿನಗಳಲ್ಲಿ ನಾಲ್ಕನೆಯದೂ ಕಾಣಿಸಿಕೊಂಡಿತು. ಅವು ಗುರುವನ್ನು ಸುತ್ತುವ ಉಪಗ್ರಹಗಳೆಂದಾದ ಮೇಲೆ, ಎಲ್ಲವೂ ಭೂಮಿಯನ್ನೇ ಸುತ್ತಬೇಕೆಂಬ ವಾದ ಬಿದ್ದುಹೋಯಿತು. ಶುಕ್ರನು ಚಂದ್ರನಂತೆ ವೃದ್ಧಿಕ್ಷಯಗಳನ್ನು ತೋರುವುದು ಟಾಲೆಮಿಯ ವ್ಯವಸ್ಥೆಯಲ್ಲಿ ಅಸಾಧ್ಯ, ಟೈಕೊನದರಲ್ಲಿ ಸಾಧ್ಯವೇ. ಹೀಗಾಗಿ ಭೂಮಿ ಚಲಿಸುತ್ತದೆಂಬುದಕ್ಕೆ ಗೆಲಿಲಿಯೊನ ಬಳಿ ನಿರ್ಣಾಯಕ ಸಾಕ್ಷ್ಯವಿರಲಿಲ್ಲ. ಸಮುದ್ರದ ಉಬ್ಬರವಿಳಿತಗಳೇ ಅಂಥ ಸಾಕ್ಷ್ಯವೆಂದು ಅವನು ಹಟ ಹಿಡಿದದ್ದು ತಪ್ಪು, ಕೆಪ್ಲರನ ದೀರ್ಘವೃತ್ತವನ್ನು ಅವನು ಗಣನೆಗೇ ತೆಗೆದುಕೊಳ್ಳದ್ದು ಇನ್ನೂ ದೊಡ್ಡ ತಪ್ಪು.

1616ರಲ್ಲಿ ರೋಮಿನ ಚರ್ಚು ಕೊಪರ್ನಿಕಸನ ಗ್ರಂಥವನ್ನು ತಿದ್ದುಪಡಿಯಾಗುವವರೆಗೆ ತಡೆಹಿಡಿದು, ಭೂಮಿಯ ಚಲನೆಯನ್ನು ಸಮರ್ಥಿಸಬಾರದೆಂದು ಗೆಲಿಲಿಯೊನಿಗೆ ಎಚ್ಚರಿಕೆಯಿತ್ತಿತು. ಪಂಡಿತರ ಲ್ಯಾಟಿನ್ ಬಿಟ್ಟು ಜನರಾಡುವ ಇಟಾಲಿಯನ್ನಿನಲ್ಲಿ ಅವನು 1632ರಲ್ಲಿ ಪ್ರಕಟಿಸಿದ 'ಎರಡು ವಿಶ್ವವ್ಯವಸ್ಥೆಗಳ ಸಂವಾದ'ವು ಆ ಎಚ್ಚರಿಕೆಯ ಉಲ್ಲಂಘನೆಯೆಂದು ವಿಚಾರಣೆ ನಡೆದು, 1633ರ ಜೂನ್ 22ರಂದು ಅವನು ಮಂಡಿಯೂರಿ ತನ್ನ ಮತವನ್ನು ತ್ಯಜಿಸಬೇಕಾಯಿತು. ಮುಂದಿನ ಆಯುಷ್ಯವೆಲ್ಲ ಬಹುಪಾಲು ಫ್ಲಾರೆನ್ಸಿನ ಬಳಿಯ ಆರ್ಚೆಟ್ರಿಯಲ್ಲಿ ಗೃಹಬಂಧನ. ಅವನ ಅತ್ಯುತ್ತಮ ಕೃತಿ ಈ ಬಂಧನದಲ್ಲಿ ಸಿದ್ಧವಾಗಿ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ಅದರಲ್ಲಿ ವಿವರಿಸಿರುವ ಪ್ರಯೋಗ ಸರಳವಾದದ್ದು: ಸುಮಾರು ಹನ್ನೆರಡು ಮೊಳ ಉದ್ದದ ಮರದ ಹಲಗೆಯಲ್ಲಿ ಬೆರಳಗಲದ ಕಾಲುವೆಯನ್ನು ತೋಡಿ, ಅದಕ್ಕೆ ನುಣುಪಾದ ಚರ್ಮಪತ್ರ ಅಂಟಿಸಿ, ಹಲಗೆಯ ಒಂದು ತುದಿಯನ್ನೆತ್ತಿ ಕಂಚಿನ ಗುಂಡನ್ನು ಉರುಳಬಿಡುವುದು, ಗುಂಡು ಉರುಳುವಷ್ಟು ಹೊತ್ತು ದೊಡ್ಡ ಪಾತ್ರೆಯ ಸಣ್ಣ ಕೊಳವೆಯಿಂದ ಸುರಿದ ನೀರನ್ನು ಹಿಡಿದು ತೂಗಿ, ಆ ತೂಕದಿಂದ ಕಾಲವನ್ನು ಅಳೆಯುವುದು. ಹಲಗೆಯ ಕಾಲುಭಾಗವನ್ನು ಕ್ರಮಿಸಲು ಇಡೀ ಹಲಗೆಗೆ ಬೇಕಾದ ಕಾಲದ ಅರ್ಧ ಸಾಕಾಯಿತು. ಎಂದರೆ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿದೆ, ವೇಗವು ಸಮನಾಗಿ ಏರುತ್ತಿದೆ. ಭಾರವಾದ ವಸ್ತು ಹೆಚ್ಚು ವೇಗವಾಗಿ ಬೀಳುತ್ತದೆಂಬ ಅರಿಸ್ಟಾಟಲನ ಬೋಧನೆಯ ಜಾಗದಲ್ಲಿ ಚಲನೆಯ ಗಣಿತ ಬಂದು ನಿಂತಿತು. ವಸ್ತುಗಳು ಏಕೆ ಬೀಳುತ್ತವೆಂಬ ಪ್ರಶ್ನೆಯನ್ನು ಗೆಲಿಲಿಯೊ ಬೇಕೆಂದೇ ಬದಿಗಿಟ್ಟು, ಹೇಗೆ ಬೀಳುತ್ತವೆಂಬುದನ್ನಷ್ಟೇ ಕೇಳಿದನು.

ವಿಧಾನವನ್ನೇ ಕುರಿತು ಬರೆದವರಲ್ಲಿ ಇಬ್ಬರ ಹೆಸರು ದೊಡ್ಡದು. ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ (1561–1626) 1620ರ 'ನೋವಮ್ ಆರ್ಗನಮ್' ಗ್ರಂಥದಲ್ಲಿ, ಬಿಡಿಬಿಡಿ ನಿದರ್ಶನಗಳನ್ನು ತಾಳ್ಮೆಯಿಂದ ಕೂಡಿಹಾಕಿ ಅವುಗಳಿಂದ ಸಾಮಾನ್ಯ ನಿಯಮಕ್ಕೇರುವ ಅನುಗಮನ ವಿಧಾನವನ್ನು ಪ್ರತಿಪಾದಿಸಿದನು. ಫ್ರಾನ್ಸಿನ ರೆನೆ ದೆಕಾರ್ತ್ (1596–1650) ಸಂಶಯದಿಂದ ಹೊರಟು ಸ್ಪಷ್ಟ ತತ್ತ್ವಗಳಿಂದ ಎಲ್ಲವನ್ನೂ ನಿಗಮಿಸಬೇಕೆಂದನು. ಬೇಕನ್ ಕೊಪರ್ನಿಕಸನನ್ನು ಒಪ್ಪಲಿಲ್ಲ, ವಿಜ್ಞಾನದಲ್ಲಿ ಗಣಿತದ ಪಾತ್ರವನ್ನೂ ಅರಿಯಲಿಲ್ಲ. ದೆಕಾರ್ತನ ಸುಳಿಗಳ ಸಿದ್ಧಾಂತ, ಎಂದರೆ ಸೂಕ್ಷ್ಮದ್ರವ್ಯದ ಸುಳಿಗಳಲ್ಲಿ ಗ್ರಹಗಳು ತೇಲುತ್ತವೆಂಬ ವಾದ, ಅಳತೆಯ ಮುಂದೆ ನಿಲ್ಲಲಿಲ್ಲ. ಆದರೆ ರೇಖಾಗಣಿತವನ್ನು ಬೀಜಗಣಿತದ ಸಮೀಕರಣಗಳಿಗೆ ಇಳಿಸಿದ ದೆಕಾರ್ತನ 1637ರ ಕೃತಿಯಿಲ್ಲದೆ ಮುಂದಿನ ಗಣಿತವೇ ಇಲ್ಲ.

ಅಳತೆಯ ಬಲ ಜೀವಶಾಸ್ತ್ರಕ್ಕೂ ಹಬ್ಬಿತೆಂಬುದಕ್ಕೆ ವಿಲಿಯಂ ಹಾರ್ವೆ (1578–1657) ಸಾಕ್ಷಿ. ಆಹಾರದಿಂದ ಯಕೃತ್ತಿನಲ್ಲಿ ಹೊಸ ರಕ್ತ ಸದಾ ತಯಾರಾಗಿ ಅಂಗಾಂಗಗಳಲ್ಲಿ ಖರ್ಚಾಗುತ್ತದೆಂಬುದು ಗೇಲನನ ಮತ. ಪಾಡುವಾದಲ್ಲಿ ಹಾರ್ವೆಯ ಗುರುವಾಗಿದ್ದ ಫಾಬ್ರಿಸಿಯಸ್ ಅಭಿಧಮನಿಗಳಲ್ಲಿ, ಎಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳಲ್ಲಿ, ಕವಾಟಗಳಿರುವುದನ್ನು ವರ್ಣಿಸಿದ್ದರೂ ಅವುಗಳ ಕೆಲಸವನ್ನು ಗ್ರಹಿಸಿರಲಿಲ್ಲ. ಹಾರ್ವೆ ಲೆಕ್ಕ ಹಾಕಿದನು. ಹೃದಯವು ಪ್ರತಿ ಬಡಿತಕ್ಕೆ ಹೊರದೂಡುವ ರಕ್ತವನ್ನು ಅರ್ಧ ಔನ್ಸ್ ಎಂದು ಕಡಿಮೆಯಾಗಿಯೇ ಎಣಿಸಿ, ಅರ್ಧ ಗಂಟೆಗೆ ಬರಿಯ ಸಾವಿರ ಬಡಿತವೆಂದು ಹಿಡಿದರೂ 500 ಔನ್ಸ್, ಎಂದರೆ ಹದಿನಾಲ್ಕು ಕಿಲೋಗ್ರಾಮಿಗೂ ಹೆಚ್ಚು, ರಕ್ತ ಹೊರಬೀಳಬೇಕು. ಇಡೀ ದೇಹದಲ್ಲಿ ಅಷ್ಟು ರಕ್ತವಿಲ್ಲ, ತಿಂದ ಅನ್ನದಿಂದ ಅರ್ಧ ಗಂಟೆಯಲ್ಲಿ ಅಷ್ಟು ಹುಟ್ಟುವುದೂ ಇಲ್ಲ. ಆದ್ದರಿಂದ ಅದೇ ರಕ್ತ ಮರಳಿ ಬರುತ್ತಿರಬೇಕು. ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ಅಭಿಧಮನಿಯನ್ನು ಬೆರಳಿನಿಂದ ಒತ್ತಿ, ರಕ್ತವು ಹೃದಯದ ಕಡೆಗಷ್ಟೇ ಹರಿಯಬಲ್ಲದೆಂದು ಯಾರು ಬೇಕಾದರೂ ಪರೀಕ್ಷಿಸಬಹುದಾದ ರೀತಿಯಲ್ಲಿ ಅವನು ತೋರಿಸಿದ್ದು 1628ರ ಸಣ್ಣ ಪುಸ್ತಕವೊಂದರಲ್ಲಿ. ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಕೂಡಿಸುವ ಕೂದಲೆಳೆಯಂಥ ಲೋಮನಾಳಗಳನ್ನು ಅವನು ನೋಡಲಾಗಲಿಲ್ಲ. 1661ರಲ್ಲಿ ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡುವಾಗ ಅವು ಕಂಡವು.

ಇದೇ ವೇಳೆಗೆ ಗಾಳಿಗೂ ತೂಕವಿದೆಯೆಂಬುದು ಸಿದ್ಧವಾಯಿತು. ಗೆಲಿಲಿಯೊನ ಶಿಷ್ಯ ಟೊರಿಚೆಲ್ಲಿ ಪಾದರಸದ ಕೊಳವೆಯಿಂದ ವಾಯುಭಾರ ಮಾಪಕವನ್ನು ರೂಪಿಸಿದ ಕೆಲವೇ ವರ್ಷಗಳಲ್ಲಿ, ಫ್ರಾನ್ಸಿನ ಗಣಿತಜ್ಞ ಪಾಸ್ಕಲನ ಸೂಚನೆಯಂತೆ ಅವನ ಭಾವನು 1648ರ ಸೆಪ್ಟೆಂಬರ್ 19ರಂದು ಪುಯಿ ದ ಡೋಮ್ ಬೆಟ್ಟವನ್ನೇರಿ, ಎತ್ತರಕ್ಕೆ ಹೋದಂತೆ ಪಾದರಸದ ಮಟ್ಟ ಇಳಿಯುವುದನ್ನು ದಾಖಲಿಸಿದನು. ರಾಬರ್ಟ್ ಬಾಯ್ಲ್ (1627–1691) ತನ್ನ ಸಹಾಯಕ ರಾಬರ್ಟ್ ಹುಕ್ (1635–1703) ಕಟ್ಟಿಕೊಟ್ಟ ಗಾಳಿಪಂಪಿನಿಂದ ನಡೆಸಿದ ಪ್ರಯೋಗಗಳನ್ನು, ಕೈಗೂಡದವುಗಳನ್ನೂ ಬಿಡದೆ, ಓದುಗನು ಪುನಃ ಮಾಡಿನೋಡಬಲ್ಲಷ್ಟು ವಿವರವಾಗಿ ಬರೆದನು. ಅನಿಲದ ಒತ್ತಡ ಮತ್ತು ಗಾತ್ರಗಳ ವಿಲೋಮ ಸಂಬಂಧವನ್ನು 1662ರಲ್ಲಿ ಪ್ರಕಟಿಸಿದನು. ಹೀಗೆ ಪರಸ್ಪರ ಪರೀಕ್ಷೆಗೆ ಒಡ್ಡಿಕೊಳ್ಳುವ ಪದ್ಧತಿಗೆ 1660ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಸೇರಿದ ರಾಯಲ್ ಸೊಸೈಟಿ, 1666ರ ಪ್ಯಾರಿಸ್ ಅಕಾಡೆಮಿಗಳು ನೆಲೆ ಒದಗಿಸಿದವು. 1665ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಆರಂಭಿಸಿದ ಸೊಸೈಟಿಯ ಪತ್ರಿಕೆ ಇಂದಿಗೂ ನಡೆಯುತ್ತಿದೆ. ಅದೇ ವರ್ಷ ಹುಕ್‌ನ 'ಮೈಕ್ರೋಗ್ರಾಫಿಯ'ದಲ್ಲಿ ಬೆಂಡಿನ ತೆಳುಸೀಳಿನ ಕೋಶಗಳ ಚಿತ್ರ ಬಂದಿತು. ಲ್ಯಾಟಿನ್ ಅರಿಯದ ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್ (1632–1723) ಕಾಳಿನಷ್ಟು ಸಣ್ಣ ಒಂಟಿ ಮಸೂರಗಳನ್ನು ಉಜ್ಜಿ, ನೀರಿನಲ್ಲಿಯೂ ಹಲ್ಲಿನ ಪಾಚಿಯಲ್ಲಿಯೂ ಕಂಡ ಜೀವಾಣುಗಳನ್ನು ಡಚ್ ಭಾಷೆಯ ಪತ್ರಗಳಲ್ಲಿ ಸೊಸೈಟಿಗೆ ತಿಳಿಸುತ್ತ ಬಂದನು.

ಐಸಾಕ್ ನ್ಯೂಟನ್ (1642–1727) ಈ ಎಲ್ಲ ಎಳೆಗಳನ್ನು ಕೂಡಿಸಿದವನು. ಗಾಜಿನ ಅಶ್ರಗದಿಂದ ಬಿಳಿಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಬಣ್ಣಗಳು ಗಾಜು ಹುಟ್ಟಿಸಿದವಲ್ಲ, ಬೆಳಕಿನಲ್ಲೇ ಇದ್ದವೆಂದು 1672ರಲ್ಲಿ ಅವನು ಬರೆದ ಲೇಖನಕ್ಕೆ ಹುಕ್ ಎತ್ತಿದ ಆಕ್ಷೇಪಗಳಿಂದ ನೊಂದು, ಬಹುಕಾಲ ಪ್ರಕಟಣೆಗೇ ಹಿಂಜರಿದನು. 1684ರ ಆಗಸ್ಟಿನಲ್ಲಿ ಖಗೋಳಜ್ಞ ಎಡ್ಮಂಡ್ ಹ್ಯಾಲಿ ನ್ಯೂಟನ್ನನಿದ್ದ ಕೇಂಬ್ರಿಜ್‌ಗೆ ಬಂದು, ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುವ ಆಕರ್ಷಣೆಯಿದ್ದರೆ ಗ್ರಹದ ದಾರಿ ಯಾವುದೆಂದು ಕೇಳಿದಾಗ, ದೀರ್ಘವೃತ್ತವೆಂದು ನ್ಯೂಟನ್ ಉತ್ತರಿಸಿದನು. ಲೆಕ್ಕದ ಹಾಳೆ ಸಿಗದೆ ಹೊಸದಾಗಿ ಬರೆದು ಕಳಿಸುತ್ತೇನೆಂದನು. ಆ ಬರಹವೇ ಬೆಳೆದು 'ಪ್ರಿನ್ಸಿಪಿಯ' ಆಯಿತು. ಅದರಲ್ಲಿನ ಚಂದ್ರನ ಲೆಕ್ಕ ಇಡೀ ಗ್ರಂಥದ ತಿರುಳು: ಚಂದ್ರನು ಭೂಕೇಂದ್ರದಿಂದ ಭೂಮಿಯ ತ್ರಿಜ್ಯದ 60 ಪಟ್ಟು ದೂರದಲ್ಲಿದ್ದು, ನೇರ ಹೋಗುವ ಬದಲು ಒಂದು ನಿಮಿಷಕ್ಕೆ ಸುಮಾರು 15 ಪ್ಯಾರಿಸ್ ಅಡಿಗಳಷ್ಟು ಭೂಮಿಯತ್ತ ಬಾಗುತ್ತಾನೆ, ಭೂಮಿಯ ಮೇಲೆ ಕೈಬಿಟ್ಟ ಕಲ್ಲು ಅಷ್ಟೇ ದೂರವನ್ನು ಒಂದು ಸೆಕೆಂಡಿನಲ್ಲಿ ಬೀಳುತ್ತದೆ. ಗೆಲಿಲಿಯೊನ ನಿಯಮದಂತೆ ಆ ಕಲ್ಲು ಒಂದು ನಿಮಿಷದಲ್ಲಿ ಬೀಳಬೇಕಾದದ್ದು ಇದರ 3600 ಪಟ್ಟು. 3600 ಎಂಬುದು 60ರ ವರ್ಗ. ಕಲ್ಲನ್ನು ಬೀಳಿಸುವ ಬಲವೇ ಚಂದ್ರನನ್ನೂ ಹಿಡಿದಿದೆಯೆಂದು ಇದರಿಂದ ತಿಳಿಯಿತು, ನೆಲಕ್ಕೊಂದು ಆಕಾಶಕ್ಕೊಂದು ಎಂಬ ಅರಿಸ್ಟಾಟಲನ ಭೇದ ಅಳಿಯಿತು. ಗುರುತ್ವಾಕರ್ಷಣೆಗೆ ಕಾರಣವೇನೆಂಬುದರ ಬಗ್ಗೆ ಊಹೆ ಹೂಡಲು ನ್ಯೂಟನ್ ಒಪ್ಪಲಿಲ್ಲ.

ಈ ಗ್ರಂಥವನ್ನು ಅಚ್ಚು ಹಾಕಿಸಲು ರಾಯಲ್ ಸೊಸೈಟಿಯ ಬಳಿ ಹಣವಿರಲಿಲ್ಲ. ಮೀನುಗಳನ್ನು ಕುರಿತ ದುಬಾರಿ ಸಚಿತ್ರ ಪುಸ್ತಕವೊಂದಕ್ಕೆ ಅದು ಖರ್ಚಾಗಿತ್ತು. ವೆಚ್ಚವನ್ನು ಸೊಸೈಟಿಯ ಗುಮಾಸ್ತನಾಗಿದ್ದ ಹ್ಯಾಲಿಯೇ ಹೊತ್ತನು, ಸಂಬಳದ ಬದಲು ಸೊಸೈಟಿ ಅವನಿಗೆ ಕೊಟ್ಟದ್ದು ಮಾರಾಟವಾಗದ ಮೀನುಪುಸ್ತಕದ ಪ್ರತಿಗಳನ್ನು. ವಿಲೋಮ ವರ್ಗದ ಸುಳಿವು ತನ್ನದೆಂದ ಹುಕ್‌ನ ಹೆಸರನ್ನು ನ್ಯೂಟನ್ ಹಸ್ತಪ್ರತಿಯಲ್ಲಿ ಅನೇಕ ಕಡೆ ಹೊಡೆದುಹಾಕಿದನು. ಕಲನಶಾಸ್ತ್ರದ ಶ್ರೇಯಸ್ಸಿಗಾಗಿ ಜರ್ಮನ್ ಗಣಿತಜ್ಞ ಲೈಬ್ನಿಟ್ಸ್‌ನೊಡನೆ ನಡೆಸಿದ ಜಗಳದಲ್ಲಿಯೂ ಅವನ ನಡತೆ ಮೆಚ್ಚತಕ್ಕದ್ದಲ್ಲ. ಭೌತಶಾಸ್ತ್ರಕ್ಕಿಂತ ರಸವಾದಕ್ಕೂ ಬೈಬಲಿನ ಕಾಲಗಣನೆಗೂ ಅವನು ಕೊಟ್ಟ ಸಮಯವೇನೂ ಕಡಿಮೆಯಿರಲಿಲ್ಲ.

'ಪ್ರಿನ್ಸಿಪಿಯ' ಬಂದ ಮೇಲೂ ಫ್ರಾನ್ಸಿನಲ್ಲಿ ದೆಕಾರ್ತನ ಸುಳಿಗಳ ಪಕ್ಷ ಇನ್ನೂ ಕೆಲವು ದಶಕ ಉಳಿಯಿತು. 1682ರ ಧೂಮಕೇತು 1758ರ ಸುಮಾರಿಗೆ ಮರಳಿ ಬರುವುದೆಂದು ನ್ಯೂಟನ್ನನ ನಿಯಮಗಳ ಆಧಾರದಿಂದ ಸೂಚಿಸಿದ್ದ ಹ್ಯಾಲಿ 1742ರಲ್ಲಿ ತೀರಿಕೊಂಡನು. ಗುರು ಮತ್ತು ಶನಿಗಳ ಸೆಳೆತದಿಂದ ಅದಕ್ಕಾಗುವ ವಿಳಂಬವನ್ನು ಪ್ಯಾರಿಸಿನಲ್ಲಿ ಕ್ಲೇರೋ, ಲಲಾಂದ್ ಮತ್ತು ನಿಕೋಲ್ ರೇನ್ ಲೆಪೋತ್ ಎಂಬ ಗಣಿತಜ್ಞೆ ತಿಂಗಳುಗಟ್ಟಲೆ ಕೈಲೆಕ್ಕ ಮಾಡಿ, ಅದು 1759ರ ಏಪ್ರಿಲ್ ನಡುವೆ ಸೂರ್ಯನಿಗೆ ಅತಿ ಸಮೀಪ ಬರುವುದೆಂದೂ, ಲೆಕ್ಕದಲ್ಲಿ ಒಂದು ತಿಂಗಳ ಹೆಚ್ಚುಕಡಿಮೆ ಇರಬಹುದೆಂದೂ ಸಾರಿದರು. 1758ರ ಡಿಸೆಂಬರ್ 25ರ ರಾತ್ರಿ ಡ್ರೆಸ್‌ಡೆನ್ ಬಳಿಯ ಪಾಲಿಟ್ಸ್ ಎಂಬ ರೈತ ಅದನ್ನು ಮೊದಲು ಕಂಡನು. ಧೂಮಕೇತು ಸೂರ್ಯನ ಸಮೀಪಬಿಂದುವನ್ನು ದಾಟಿದ್ದು 1759ರ ಮಾರ್ಚ್ 13ರಂದು.